ಹೊಲದ ಅಂಚು, ಮನೆಯ ವೈಫೈ

ಕೊಯ್ಲಿನಲ್ಲಿ ಹೊಲದ ಅಂಚನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ಮನೆಯ ವೈಫೈಗೂ ಅಂಥ ಅಂಚು ಉಂಟು. ಜರ್ಮನಿಯ ಫ್ರೈಫುಂಕ್ ಬಳಗದವರು ತಮ್ಮ ಸಂಪರ್ಕದ ಒಂದು ಪಾಲನ್ನು ದಾರಿಹೋಕರಿಗೆ ಬಿಡುತ್ತಾರೆ. 2015ರಲ್ಲಿ ನಿರಾಶ್ರಿತರ ವಸತಿಗಳಿಗೂ ಒದಗಿಸಿದರು. ಊರು ತೊರೆದು ಬಂದ ತಾಯಿಗೆ ದೂರದ ಮಗನ ದನಿ ಕೇಳಿಸುವುದು ಸಣ್ಣ ಮಾತೇ?

ಅಲ್ಲಿಯೂ ಭಯವಿತ್ತು. ಅಪರಿಚಿತನೊಬ್ಬ ಸಿನಿಮಾ ಕದ್ದು ಇಳಿಸಿಕೊಂಡರೆ ಮನೆಯವರಿಗೆ ವಕೀಲರ ನೋಟೀಸು ಬರುತ್ತಿತ್ತು; 2017ರ ಕಾನೂನು ಆ ಹೊರೆಯನ್ನು ಬಹುಮಟ್ಟಿಗೆ ಇಳಿಸಿತು.

“ಫಾದರ್, ನಾವೂ ಪಾಸ್‌ವರ್ಡ್ ತೆಗೆದುಬಿಡೋಣವೇ?” ಎಂದು ಕೇಳುವಿರಿ. ಬೇಡ. ದೇವರು ಬಿಡಹೇಳಿದ್ದು ಅಂಚನ್ನು, ಇಡೀ ಹೊಲವನ್ನಲ್ಲ. ಫ್ರೈಫುಂಕ್‌ನವರು ಕೊಡುವುದೂ ಮನೆಯ ಜಾಲದಿಂದ ಬೇರ್ಪಡಿಸಿದ ಇನ್ನೊಂದು ಜಾಲವನ್ನು. ನಿಮ್ಮ ರೂಟರಿನಲ್ಲಿ ‘ಗೆಸ್ಟ್’ ಜಾಲವಿದ್ದರೆ, ಕಂಪನಿಯ ಷರತ್ತು ಓದಿಕೊಂಡು, ಮೊದಲು ಪಕ್ಕದ ಮನೆಯ ಓದುವ ಮಗುವಿಗೆ ಅದರ ಪಾಸ್‌ವರ್ಡ್ ಕೊಡಿ.