ಮಾರಾಟ ತೆರಿಗೆಯ ತಳಹದಿ: ಫ್ಲೋರಿಡಾ ಪ್ರಕರಣ

ನೂರಕ್ಕೆ ಎಷ್ಟು ಎಂಬುದು ತೆರಿಗೆಯ ದರ. ಯಾವುದರ ಮೇಲೆ ಎಂಬುದು ತಳಹದಿ. ಪ್ರಶ್ನೆಪತ್ರಿಕೆಯಲ್ಲಿ ಇವೆರಡನ್ನೂ ಅದಲುಬದಲು ಮಾಡಿ ಕೇಳುವುದುಂಟು, ಎಚ್ಚರ.

ಅಮೆರಿಕದಲ್ಲಿ ಮಾರಾಟ ತೆರಿಗೆ ರಾಜ್ಯಗಳ ಕೈಯಲ್ಲಿದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹಲವು ರಾಜ್ಯಗಳು ಇದನ್ನು ತಂದಾಗ ಕಣ್ಣು ಸರಕಿನ ಮೇಲಿತ್ತು. ಮುಂದೆ ಸೇವಾವಲಯ ಬೆಳೆದಂತೆ ತಳಹದಿ ಸವೆಯಿತು. ಫ್ಲೋರಿಡಾ 1987ರ ಜುಲೈ 1ರಿಂದ ಜಾಹೀರಾತು, ವಕೀಲಿಕೆಯಂಥ ಸೇವೆಗಳನ್ನೂ ಒಳಗೆ ತಂದಿತು. ಜಾಹೀರಾತು ವಲಯ ತಿರುಗಿಬಿತ್ತು. ಈ ಕಾನೂನಿಗೆ ಸಹಿ ಹಾಕಿದ್ದ ಗವರ್ನರ್ ಬಾಬ್ ಮಾರ್ಟಿನೆಜ್ ಅವರೇ ಹಿಂದೆ ಸರಿದರು. ಡಿಸೆಂಬರ್‌ನಲ್ಲಿ ಕಾನೂನು ರದ್ದಾಗಿ, ಬದಲಿಗೆ ದರ ಶೇ 5ರಿಂದ 6ಕ್ಕೆ ಏರಿತು. ಕೂಗಾಡಿದವರು ಪಾರಾದರು, ಕೊಳ್ಳುವವರ ಜೇಬಿಗೆ ಕತ್ತರಿ ಬಿತ್ತು! ಆದರೂ ವಿರೋಧ ಪೂರ್ತಿ ಹುಸಿಯಲ್ಲ: ಉದ್ಯಮಗಳು ಕೊಳ್ಳುವ ಸೇವೆಗೆ ತೆರಿಗೆ ಬಿದ್ದರೆ, ಅದು ಸರಕಿನ ಬೆಲೆಗೆ ಸೇರಿ ತೆರಿಗೆಯ ಮೇಲೆ ತೆರಿಗೆಯಾಗುತ್ತದೆ.

ತಳಹದಿಯ ಪ್ರಶ್ನೆ ಆನ್‌ಲೈನ್ ಮಾರಾಟದಲ್ಲೂ ಎದ್ದಿತು. ಅಮೆರಿಕದ ಸುಪ್ರೀಂ ಕೋರ್ಟಿನ 2018ರ ‘ಸೌತ್ ಡಕೋಟಾ ವಿರುದ್ಧ ವೇಫೇರ್’ ತೀರ್ಪು (5–4): ರಾಜ್ಯದಲ್ಲಿ ಅಂಗಡಿಯಿಲ್ಲದ ಆನ್‌ಲೈನ್ ಮಾರಾಟಗಾರರಿಂದಲೂ ತೆರಿಗೆ ವಸೂಲಿ ಮಾಡಿಸಬಹುದು.

ಭಾರತದಲ್ಲಿ ಸಂವಿಧಾನದ 101ನೇ ತಿದ್ದುಪಡಿಯ ಬಳಿಕ, 2017ರ ಜುಲೈ 1ರಿಂದ ಸರಕು, ಸೇವೆ ಎರಡನ್ನೂ ತಳಹದಿಗೆ ಸೇರಿಸಿದ ಜಿಎಸ್‌ಟಿ. ಪೆಟ್ರೋಲ್, ಡೀಸೆಲ್, ಕುಡಿಯುವ ಮದ್ಯ ಅದರ ಹೊರಗಿವೆ.