ಕೈಯಿಂದ ಸುತ್ತಿದ ಸುರುಳಿ

ವೀಣೆಯ ನಾದವನ್ನು ತುಂಬಿಕೊಡುವುದು ಅದರ ಟೊಳ್ಳಾದ ಕೊಡ. ವಿದ್ಯುತ್ ಗಿಟಾರಿಗಾದರೋ ಅಂಥ ಕೊಡ ಬೇಕಿಲ್ಲ. ಗಟ್ಟಿ ಹಲಗೆಯಿಂದಲೂ ಅದನ್ನು ಮಾಡಬಹುದು. ಹಾಗಿದ್ದರೆ ಅದರ ದನಿ ಸಭೆಯ ಕೊನೆಯವರೆಗೆ ಮುಟ್ಟುವುದೆಂತು? ಇದನ್ನು ಒಬ್ಬ ಶಾಲಾಬಾಲಕನ ಸಾಹಸದ ಮೂಲಕವೇ ವಿವರಿಸಬಯಸುತ್ತೇವೆ.

1963ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಇಂಗ್ಲೆಂಡಿನ ಹದಿನಾರು ವರ್ಷದ ಬ್ರಯಾನ್ ಮೇ ಎಂಬ ಹುಡುಗನೂ ಅವನ ತಂದೆ ಹೆರಾಲ್ಡ್ ಮೇ ಅವರೂ ಗಿಟಾರೊಂದನ್ನು ಮನೆಯಲ್ಲೇ ಕಟ್ಟಲು ಆರಂಭಿಸಿದರು. ಅಂಗಡಿಯ ಒಳ್ಳೆಯ ಗಿಟಾರನ್ನು ಕೊಳ್ಳುವಷ್ಟು ಹಣ ಅವರಲ್ಲಿರಲಿಲ್ಲ. ಹಳೆಯ ಅಗ್ಗಿಷ್ಟಿಕೆಯ ಮೇಲ್ಪಟ್ಟಿಯ ಮರವನ್ನು ಕೆತ್ತಿ ಕತ್ತು ಮಾಡಿದರು; ಅದರಲ್ಲಿದ್ದ ಹುಳುಕಿನ ರಂಧ್ರಗಳನ್ನು ಬೆಂಕಿಕಡ್ಡಿಗಳಿಂದ ಮುಚ್ಚಿದರು. ಹಳೆಯ ಮೇಜಿನ ಓಕ್ ಮರ ಒಡಲಿಗಾಯಿತು. ಸ್ವರಸ್ಥಾನಗಳ ಗುರುತಿಗೆ ಮುತ್ತಿನ ಚಿಪ್ಪಿನ ಗುಂಡಿಗಳು, ತಂತಿಗಳ ಸೆಳೆತವನ್ನು ತಡೆಯಲು ಮೋಟಾರು ಸೈಕಲ್ಲಿನ ಸ್ಪ್ರಿಂಗುಗಳು. ಹೆಣೆಯುವ ಕಡ್ಡಿಯ ತುದಿಯೂ ವ್ಯರ್ಥವಾಗಲಿಲ್ಲವೆಂದರೆ ನಮ್ಮ ಮನೆಗಳ ತಾಯಂದಿರು ನಕ್ಕಾರು!

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಂಗವೆಂದರೆ ಪಿಕಪ್. ಅಯಸ್ಕಾಂತವನ್ನು ಸುರುಳಿಯೊಳಗೆ ಆಡಿಸಿದಾಗ ಮಾಪಕದ ಮುಳ್ಳು ಅಲುಗುವುದನ್ನು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಂಡಿರುತ್ತಾರೆ. ಮೈಕೇಲ್ ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ತತ್ತ್ವವದು. ಪಿಕಪ್ಪಿನಲ್ಲಿಯೂ ನಡೆಯುವುದು ಅದೇ. ಅಯಸ್ಕಾಂತದ ಸುತ್ತ, ಕೂದಲಿನಷ್ಟು ತೆಳುವಾದ, ಮೇಲೆ ಲೇಪವುಳ್ಳ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರವು ಅದೇ ಲಯದಲ್ಲಿ ಏರಿಳಿದು, ಸುರುಳಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕವು ಅದನ್ನು ಹಿಗ್ಗಿಸಿ ನಾದವಾಗಿಸುತ್ತದೆ. ನೈಲಾನ್ ತಂತಿ ಕಟ್ಟಿದರೆ ಈ ಪಿಕಪ್ ಮೂಕವಾಗುವುದು ಏಕೆಂದು ಮಕ್ಕಳು ತಾವೇ ಯೋಚಿಸಲಿ.

ಬ್ರಯಾನನು ಸಣ್ಣ ಅಯಸ್ಕಾಂತಗಳನ್ನು ಕೊಂಡು ತಂದು ಪಿಕಪ್ಪುಗಳನ್ನು ತಾನೇ ಮಾಡಿದನು. ಆದರೆ ಅವುಗಳಲ್ಲಿ ಒಂದು ತಂತಿಯ ಕೆಳಗೆ ಉತ್ತರ ಧ್ರುವ, ಪಕ್ಕದ ತಂತಿಯ ಕೆಳಗೆ ದಕ್ಷಿಣ ಧ್ರುವ, ಹೀಗೆ ಸರದಿಯಾಗಿ ಬಂದಿದ್ದವು. ತಂತಿಯನ್ನು ನೇರವಾಗಿ ಮೀಟಿದರೆ ಕೇಡಿರಲಿಲ್ಲ. ನಮ್ಮ ವೈಣಿಕರು ಗಮಕಕ್ಕಾಗಿ ಎಳೆಯುವಂತೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಮಾತ್ರ ಅದು ಒಂದು ಧ್ರುವದಿಂದ ಅದರ ವಿರುದ್ಧ ಧ್ರುವದ ಕಡೆಗೆ ಸರಿದು, ಸ್ವರದ ನಡುವೆ ಸುಯ್ಯೆಂಬ ವಿಚಿತ್ರ ಸದ್ದನ್ನು ಬೆರೆಸುತ್ತಿತ್ತು. ಅಷ್ಟು ಶ್ರಮಪಟ್ಟು ಸುತ್ತಿದ ಸುರುಳಿಗಳನ್ನು ಬಿಟ್ಟುಕೊಡಲು ಯಾವ ಹುಡುಗನಿಗೆ ಮನಸ್ಸು ಬಂದೀತು? ಆದರೂ ಅವನು ಕಿವಿಯ ತೀರ್ಪನ್ನೇ ಒಪ್ಪಿ, ಬರ್ನ್ಸ್ ಸಂಸ್ಥೆಯ ಮೂರು ಪಿಕಪ್ಪುಗಳನ್ನು ಕೊಂಡು ತಂದನು.

ಕೊಂಡದ್ದನ್ನೂ ಹಾಗೆಯೇ ಬಿಡಲಿಲ್ಲ. ಸಡಿಲವಾದ ಸುರುಳಿಯು ತಾನೂ ನಡುಗಿ ಕೀರಲು ಸದ್ದು ಮಾಡುವುದುಂಟು. ಅದನ್ನು ತಡೆಯಲು ಒಳಗೆಲ್ಲ ಆರಾಲ್ಡೈಟ್ ಅಂಟನ್ನು ತುಂಬಿದನು.

ಈ ವಾದ್ಯವನ್ನೇ ಅವನು ಮುಂದೆ ಕ್ವೀನ್ ತಂಡದಲ್ಲಿ ಜಗತ್ತಿನಾದ್ಯಂತ ನುಡಿಸಿದನು. ಅದಕ್ಕಾಗಿ ಅರ್ಧಕ್ಕೆ ಬಿಟ್ಟ ಖಗೋಳ ಸಂಶೋಧನೆಯನ್ನು ಪೂರೈಸಿ 2007ರಲ್ಲಿ ಡಾಕ್ಟರೇಟನ್ನೂ ಪಡೆದನು.

ಗಿಟಾರಿನ ಮೇಲೆ ಪ್ರತಿ ಪಿಕಪ್ಪಿಗೂ ಎರಡೆರಡು ಸ್ವಿಚ್ಚುಗಳಿವೆ. ಒಂದು, ಅದನ್ನು ಹಚ್ಚಲು ಆರಿಸಲು. ಇನ್ನೊಂದು, ಅದರ ವಿದ್ಯುತ್ತಿನ ದಿಕ್ಕನ್ನು ತಿರುಗಿಸಲು. ಎರಡು ಪಿಕಪ್ಪುಗಳು ಹೀಗೆ ಒಂದಕ್ಕೊಂದು ಎದುರಾದಾಗ ದಪ್ಪ ನಾದವು ಬಹುಮಟ್ಟಿಗೆ ಅಳಿದು ಹರಿತವಾದ ನಾದ ಉಳಿಯುತ್ತದೆ. ಹಿಂದೆ ತಾನಾಗಿ ಬಂದು ಸ್ವರವನ್ನು ಕೆಡಿಸಿದ್ದ ಆ ವಿರೋಧವು ಈಗ ಅವನ ಬೆರಳಿನ ಮಾತು ಕೇಳುತ್ತಿತ್ತು.