ಹಸುಗೂಸಿನ ನೆತ್ತಿ: ಮಿದುಳನ್ನು ನೋಡುವ ಕಿಟಕಿ

ದೊಡ್ಡಉಳ್ಳಾರ್ತಿಯ ಅಜ್ಜಿಯರಿಗೆಲ್ಲ ಹಸುಗೂಸಿನ ನೆತ್ತಿ ಗೊತ್ತು. ಅದು ಮೆತ್ತಗೆ ಮಿಡಿಯುತ್ತಿರುತ್ತದೆ. ಅದಕ್ಕೇ ಹರಳೆಣ್ಣೆ ಒತ್ತುವ ವಾಡಿಕೆ. ಅಲ್ಲಿ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲ. ಕೂಡಲು ಸುಮಾರು ಒಂದೂವರೆ ವರ್ಷ ಬೇಕು. ಈ ಸಂದಿಯೇ ವೈದ್ಯರಿಗೆ ಕಿಟಕಿ.

ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಹೋದರೆ ಕೂಸಿನ ಮಿದುಳಿಗೆ ಹಾನಿಯಾಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಮಿದುಳಿನ ಎಳೆಯ ರಕ್ತನಾಳ ಒಡೆಯಬಹುದು. ಇದು ಹೆಚ್ಚಾಗಿ ಮೊದಲ ಮೂರು ದಿನಗಳಲ್ಲೇ ಆಗುತ್ತದೆ. ಹೊರಗೆ ಗಾಯ ಕಾಣದು. ಒಳಗಿನದನ್ನು ತಿಳಿಯಲು ಮೂರು ವಿಧಾನಗಳಿವೆ.

1. ಅಲ್ಟ್ರಾಸೌಂಡ್: ನೆತ್ತಿಗೆ ಜೆಲ್ ಸವರಿ ಸಣ್ಣ ಉಪಕರಣ ಇಡುತ್ತಾರೆ. ಕಿವಿಗೆ ಕೇಳಿಸದ ಶಬ್ದದ ಅಲೆಗಳು ಒಳಹೋಗಿ ಮರಳಿ ಚಿತ್ರ ಮೂಡಿಸುತ್ತವೆ. ನೋವಿಲ್ಲ, ಎಕ್ಸ್‌ರೇ ಇಲ್ಲ, ಕೂಸನ್ನು ಹಾಸಿಗೆಯಿಂದ ಎತ್ತಬೇಕಾಗಿಲ್ಲ. ರಕ್ತಸ್ರಾವ, ನೀರು ತುಂಬಿಕೊಂಡಿರುವುದು ಚೆನ್ನಾಗಿ ಕಾಣುತ್ತದೆ. ಆಮ್ಲಜನಕದ ಕೊರತೆಯ ಹಾನಿ ಎಷ್ಟೋ ಸಲ ಇದಕ್ಕೆ ಸಿಕ್ಕುವುದಿಲ್ಲ.

2. ಎಂ.ಆರ್.ಐ.: ಇದು ಬಲವಾದ ಅಯಸ್ಕಾಂತದ ಯಂತ್ರ, ಇದರಲ್ಲೂ ಎಕ್ಸ್‌ರೇ ಇಲ್ಲ. ಆಮ್ಲಜನಕದ ಕೊರತೆಯಿಂದ ಹಾನಿ ಎಲ್ಲಿ, ಎಷ್ಟು ಆಗಿದೆಯೆಂದು ತೋರಿಸಲು ಇದೇ ಮೇಲು. ಸಾಮಾನ್ಯವಾಗಿ ಹುಟ್ಟಿದ ಕೆಲವು ದಿನಗಳ ನಂತರ ಮಾಡುತ್ತಾರೆ. ಸದ್ದು ಜೋರಾದುದರಿಂದ ಕೂಸಿನ ಕಿವಿ ಮುಚ್ಚುತ್ತಾರೆ. ಹಾಲು ಕುಡಿಸಿ, ಬಟ್ಟೆ ಸುತ್ತಿ ಮಲಗಿಸಿದರೆ ಎಷ್ಟೋ ಕೂಸುಗಳು ನಿದ್ದೆಯಲ್ಲೇ ಇರುತ್ತವೆ. ಬೆಳ್ಳಿ ಉಡಿದಾರ, ತಾಯಿತ, ಬಳೆಗಳನ್ನು ಮೊದಲೇ ತೆಗೆದಿಡತಕ್ಕದ್ದು.

3. ಸಿ.ಟಿ.: ಬೇಗ ಮುಗಿಯುತ್ತದೆ. ಆದರೆ ಎಕ್ಸ್‌ರೇ ಬಳಸುವುದರಿಂದ, ತಲೆಗೆ ಪೆಟ್ಟು ಬಿದ್ದಂಥ ತುರ್ತಿಗೆ ಮಾತ್ರ ಹೆಚ್ಚಾಗಿ ಮಾಡುತ್ತಾರೆ.

“ಸ್ಕ್ಯಾನಿಂಗ್ ಕಾನೂನಿಗೆ ವಿರೋಧವಲ್ಲವೇ?” ಎಂದು ಕೆಲವರು ಕೇಳಬಹುದು. 1994ರ ಕಾಯ್ದೆ ತಡೆಯುವುದು ಗರ್ಭದಲ್ಲಿ ಗಂಡೋ ಹೆಣ್ಣೋ ಎಂದು ನೋಡುವುದನ್ನು. ಹುಟ್ಟಿದ ಕೂಸಿನ ಪರೀಕ್ಷೆಗೆ ಅಡ್ಡಿಯಿಲ್ಲ.

ಪರೀಕ್ಷೆಯೇ ಔಷಧವಲ್ಲ, ಮುಂದಿನ ದಾರಿ ತೋರಿಸುವ ದೀಪ. ಮೊದಲ ಚಿತ್ರ ಸರಿಯಿದ್ದರೂ, ವೈದ್ಯರು ಮತ್ತೆ ಬರಹೇಳಿದ ದಿನ ತಪ್ಪಿಸಬಾರದು. ಹಾನಿ ಬೇಗ ತಿಳಿದರೆ ಅಂಗಸಾಧನೆಯನ್ನು ಎಳವೆಯಲ್ಲೇ ಆರಂಭಿಸಬಹುದು. ಕೂಸಿನ ಮೈಯನ್ನು 72 ಗಂಟೆ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಾದರೋ ಅದರಿಂದ ಸಾವು ಹೆಚ್ಚಿತು. ಆದುದರಿಂದ ಅಳದ ಕೂಸಿಗೆ ತಣ್ಣೀರು ಚಿಮುಕಿಸಬೇಡಿರಿ. ಒಣಬಟ್ಟೆಯಲ್ಲಿ ಒರೆಸಿ ಬೆಚ್ಚಗಿಡಿರಿ.

ನೆನಪಿಡಬೇಕಾದುದು: ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಕೂಸು ಹುಟ್ಟಿದೊಡನೆ ಅಳಲಿಲ್ಲ, ಹಾಲು ಚೀಪುವುದಿಲ್ಲ, ಮೈ ಜೋಲುಬಿದ್ದಿದೆ, ಫಿಟ್ಸ್ ಬಂದಿದೆ ಎಂದರೆ ಕೂಡಲೆ ವೈದ್ಯರಿಗೆ ತಿಳಿಸಿರಿ. ಮನೆಗೆ ಬಂದ ಮೇಲೆ ಹೀಗಾದರೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ಸ್ಕ್ಯಾನಿನ ಚೀಟಿ, ಫಿಲ್ಮುಗಳನ್ನು ತಾಯಿ ಕಾರ್ಡಿನ ಜೊತೆ ಜೋಪಾನವಾಗಿಡಿರಿ. ಬಾಣಂತಿಯ ಮೇಲೆ ಮಾತ್ರ ದೋಷ ಹೊರಿಸಬೇಡಿರಿ. ಅವಳಿಗೆ ಬೇಕಾದುದು ಮನೆಯವರ ಆಸರೆ.